ಅಪ್ಪನ ಬಾಯಾರಿಕೆ

ಅಡುಗೆಮನೆಯ ಮೇಜಿನಿಂದ,
ಬುಧವಾರ, ಹದಿನೇಳನೇ ತಾರೀಖು

ಪ್ರೀತಿಯ ಅಣ್ಣಾ,

ಅಪ್ಪ ಇವತ್ತು ಬೆಳಿಗ್ಗೆ ಯಾರ ಕೈಯೂ ಹಿಡಿಯದೆ ಹಾಸಿಗೆಯಿಂದ ಎದ್ದು ಕುರ್ಚಿಯಲ್ಲಿ ಕೂತರು. ಸರ್ಜನ್ನೇ ಫೋನ್ ಮಾಡಿ ತಿಳಿಸಿದರು. ನಿನ್ನ ಎದೆ ಹಗುರಾಗಲಿ ಅಂತ ಇದನ್ನು ಮೊದಲು ಬರೆದೆ. ಇನ್ನು ನೀನು ಹೇಗಿದ್ದೀಯ? ಬಿಸಿ ಎಣ್ಣೆ ಸಿಡಿದ ಮುಂಗೈ ಒಣಗಿತಾ? ಹಡಗಿನವರಿಗೆಲ್ಲ ಬಡಿಸಿ, ನೀನು ಮಾತ್ರ ಒಲೆಯ ಪಕ್ಕ ನಿಂತೇ ಉಣ್ಣುವ ಚಾಳಿ ಬಿಟ್ಟಿದ್ದೀಯೋ ಇಲ್ಲವೋ? ಈ ಕಾಗದ ಮುಂದಿನ ಬಂದರಿನಲ್ಲಿ ನಿನ್ನ ಕೈ ಸೇರುತ್ತದೆ ಅಂತ ನಿಮ್ಮ ಕಂಪನಿಯವರು ಹೇಳಿದ್ದಾರೆ. ಅಪ್ಪನ ಹೊಟ್ಟೆ ಎರಡನೇ ಸಲ ಕೊಯ್ದದ್ದು ಯಾಕೆ ಅಂತ ನೀನು ಮೊನ್ನೆ ಫೋನಿನಲ್ಲಿ ಕೇಳಿದೆ. ಮಾತು ತುಂಡುತುಂಡಾಗಿ ಕೇಳಿಸಿದ್ದು ನನಗೂ ಅನುಕೂಲವೇ ಆಯಿತು. ಈಗ ಸರಿಯಾಗಿ ಬರೆಯುತ್ತೇನೆ.

ನಮ್ಮ ವಾರ್ಡಿನಲ್ಲಿ ಒಂದು ಅಧ್ಯಯನ ನಡೆಯುತ್ತಿದೆ. ದೊಡ್ಡ ಆಪರೇಷನ್ ಆದವರಲ್ಲಿ ಅರ್ಧ ಜನಕ್ಕೆ ಮಾಮೂಲಿ ಸಲೈನ್, ಇನ್ನರ್ಧ ಜನಕ್ಕೆ ಉಪ್ಪಿನಂಶ ಹೆಚ್ಚಿರುವ ಸಲೈನ್. ಯಾವುದರಿಂದ ರಕ್ತದೊತ್ತಡ ಚೆನ್ನಾಗಿ ನಿಲ್ಲುತ್ತದೆ, ಯಾವುದರಿಂದ ಮೈ ಬಾವು ಕಡಿಮೆ, ಕರುಳು ಬೇಗ ಕೆಲಸ ಶುರು ಮಾಡುವುದು ಯಾರಲ್ಲಿ, ಇದನ್ನೆಲ್ಲ ಹೋಲಿಸಿ ನೋಡುತ್ತಾರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಚೀಲಗಳಿಗೆ ಬೂದು ಬಟ್ಟೆಯ ಗವಸು ಹಾಕಿರುತ್ತಾರೆ. ಅಪ್ಪ ಖುಷಿಯಿಂದಲೇ ಒಪ್ಪಿಕೊಂಡರು. ಜೀವಮಾನವೆಲ್ಲ ಟೈಲರ್ ಆಗಿದ್ದವರಲ್ಲವಾ, ಗವಸು ಮುಟ್ಟಿ ನೋಡಿ, "ಈ ಅಂಗಿ ಹೊಲಿದವನು ಯಾರಮ್ಮ? ಹೊಟ್ಟೆ ಹತ್ತಿರ ಬಿಗಿ, ಭುಜದ ಹತ್ತಿರ ದೊಗಳೆ" ಅಂತ ವಾರ್ಡಿಗೆ ವಾರ್ಡನ್ನೇ ನಗಿಸಿದರು.

ಗವಸು ಹಾಕಿದರೇನು, ನಾವು ನರ್ಸುಗಳು ಊಹೆ ಮಾಡದೆ ಇರುತ್ತೇವಾ? ಎಚ್ಚರವಾದ ಮೇಲೆ ನೀರು ನೀರು ಅನ್ನುವವರು ಉಪ್ಪು ಹೆಚ್ಚು ಸಿಕ್ಕ ಸಮುದ್ರದ ಪಾರ್ಟಿ, ಸುಮ್ಮನೆ ಮಲಗುವವರು ಬಾವಿಯ ಪಾರ್ಟಿ. ಮೊದಲ ಆಪರೇಷನ್ ಮುಗಿದು ಅಪ್ಪ ಕಣ್ಣು ಬಿಟ್ಟವರೇ ನೀರು ಕೇಳಿದರು. ಮತ್ತೆ ಮತ್ತೆ ಕೇಳಿದರು. ತುಟಿಗೆ ಒದ್ದೆ ಹತ್ತಿ ಒತ್ತಿ, "ನೀನು ಸಮುದ್ರದ ಪಾರ್ಟಿ ಅಪ್ಪ, ಅಣ್ಣನ ಜೊತೆ ಹಡಗು ಹತ್ತು" ಅಂದೆ. "ತಮಾಷೆ ಸಾಕು ದೊರೆಸಾನಿ, ಒಂದು ಗುಟುಕು ಕೊಡು" ಅಂದರು. ನಾಡಿ ಸ್ವಲ್ಪ ಜೋರಾಗಿತ್ತು. ಉಪ್ಪಿನ ಬಾಯಾರಿಕೆ ಅಂದುಕೊಂಡೆವು. ಸಂಜೆಯ ಹೊತ್ತಿಗೆ ಒತ್ತಡ ಕುಸಿಯಿತು, ಕೈಕಾಲು ತಣ್ಣಗಾದವು. ಒಳಗೆ ಒಂದು ಸಣ್ಣ ರಕ್ತನಾಳದ ಗಂಟು ಸಡಿಲವಾಗಿ ಹೊಟ್ಟೆಯಲ್ಲೇ ರಕ್ತ ಸೋರುತ್ತಿತ್ತು. ರಕ್ತ ಕಳೆದುಕೊಂಡವರಿಗೆ ಬಾಯಾರುತ್ತದೆ; ಮೊದಲ ವರ್ಷವೇ ನಮಗೆ ಕಲಿಸುವ ಪಾಠ. ಆಪರೇಷನ್ ಕೋಣೆಗೆ ಓಡಿಸಿಕೊಂಡು ಹೋಗಿ ಹೊಟ್ಟೆ ಬಿಚ್ಚಿದರು, ರಕ್ತ ಕೊಟ್ಟರು, ಉಳಿಸಿಕೊಂಡರು. ತುರ್ತು ಅಂತ, ಯಾವ ಸಲೈನ್ ಅಂತ ಬರೆದಿಟ್ಟ ಗುಟ್ಟಿನ ಲಕೋಟೆಯನ್ನೂ ಒಡೆದರು. ಅಧ್ಯಯನದ ಡಾಕ್ಟರು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ ಹೇಳಿದರು: ಅಪ್ಪನಿಗೆ ಹೋಗಿದ್ದು ಮಾಮೂಲಿ ಸಲೈನ್.

ಅಪ್ಪನಿಗೆ ಇದನ್ನು ಇನ್ನೂ ಹೇಳಿಲ್ಲ. ಆ ದಿನ ಡ್ಯೂಟಿಯಲ್ಲಿದ್ದ ಎಳೆಯ ವೈದ್ಯನನ್ನು ನಾವು ಮರಿ ಡಾಕ್ಟರ್ ಅನ್ನುತ್ತೇವೆ. "ಆ ಮರಿ ಡಾಕ್ಟರ್ ನನ್ನನ್ನು ಮೀನಿನ ಹಾಗೆ ಉಪ್ಪು ಹಾಕಿ ಒಣಗಿಸಲು ಹೊರಟಿದ್ದ. ಮಗಳು ಇದ್ದಳು, ಬದುಕಿದೆ" ಅಂತ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಾರೆ. ನಾನು ಹೊದಿಕೆ ಸರಿಮಾಡುತ್ತ ಕೇಳಿಸಿಕೊಳ್ಳುತ್ತೇನೆ. ಮರಿ ಡಾಕ್ಟರ್ ಮೇಲೆ ವಿಚಾರಣೆ ಇಟ್ಟಿದ್ದಾರೆ. ಸೋರುವ ರಕ್ತವನ್ನು ಅಷ್ಟು ಹೊತ್ತು ಗುರುತಿಸಲಿಲ್ಲ ಅಂತ ತೀರ್ಮಾನವಾದರೆ ಅವನ ತರಬೇತಿ ಅಲ್ಲಿಗೇ ನಿಲ್ಲುತ್ತದೆ.

ಕಾಗದ ಬರೆಯುತ್ತೇನೆ ಅಂದದ್ದಕ್ಕೆ ಅಪ್ಪ, ನಿನ್ನ ತಲೆ ಸವರಿದ್ದೇನೆ ಅಂತ ಬರಿ ಅಂದಿದ್ದಾರೆ. ಗಾಳಿ ಜೋರಿದ್ದಾಗ ಡೆಕ್ಕಿನ ಮೇಲೆ ಓಡಾಡಬೇಡ. ನಿನ್ನ ಜೊತೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ತಂಗಿ

ಇನ್ನೊಂದು ಮಾತು, ಅಂಟು ಹಚ್ಚುವ ಮೊದಲು. ಮೇಲೆ "ಅಂದುಕೊಂಡೆವು" ಅಂತ ಬರೆದಿದ್ದೇನೆ. ಮರಿ ಡಾಕ್ಟರ್ ಹಾಗೆ ಅಂದುಕೊಂಡಿರಲಿಲ್ಲ. ನಾಡಿ ಹಿಡಿದು ನೋಡಿ, "ಸಿಸ್ಟರ್, ಸರ್ಜನ್ನರನ್ನು ಕರೆಯಲಾ?" ಅಂತ ನನ್ನನ್ನು ಕೇಳಿದ್ದ. "ಬೇಡ ಡಾಕ್ಟ್ರೇ, ಇದು ಬರೀ ಉಪ್ಪು. ನಮ್ಮಪ್ಪ ನನಗೆ ಗೊತ್ತಿಲ್ಲವಾ?" ಅಂತ ನಾನೇ ತಡೆದೆ. ಅವನು ಇದನ್ನು ಯಾರಿಗೂ ಹೇಳಿಲ್ಲ. ಅಪ್ಪನಿಗೆ ಇವತ್ತು ಸಂಜೆ ಹೇಳುತ್ತೇನೆ. ವಿಚಾರಣೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ. ಮೊದಲು ನನ್ನನ್ನು ಕರೆಯುತ್ತಾರೆ.