ಮೊಳೆಯ ಮೇಲಿನ ಏಪ್ರನ್

ಆಸ್ಪತ್ರೆಗಳ ತಪಾಸಣೆಗೆ ಬರುವ ಮಾನ್ಯರೇ,

ಕಳೆದ ಸಲ ನೀವು ನಮ್ಮ ಕಡೆ ಬಂದಾಗ, ದೊಡ್ಡ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಕಿರಣ ತಡೆಯುವ ಸೀಸದ ಏಪ್ರನ್ ಮೊಳೆಗೆ ನೇತಾಡುವುದನ್ನು ಕಂಡು ಸಂತೋಷಪಟ್ಟಿರಂತೆ. ಸಂತೋಷಪಡುವಂಥದ್ದೇ. ಒಂದು ಕಲೆಯಿಲ್ಲ, ಒಂದು ಮಡಿಕೆಯಿಲ್ಲ. ದಸರೆಯ ಖಂಡೇಪೂಜೆಗೆ ಹಚ್ಚಿದ ಕುಂಕುಮ, ಹಾಕಿದ ಚೆಂಡುಹೂವಿನ ಒಣಗಿದ ಮಾಲೆ ಇನ್ನೂ ಹಾಗೆಯೇ ಇವೆ. ಅದು ಯಾವ ಮಗುವಿನ ಮೈಮೇಲೂ ಬಿದ್ದಿಲ್ಲ ಎಂಬುದೇ ನನ್ನ ದೂರು.

ನಾನು ಕರ್ಜಗಿಯವನು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವನು. ಒಂದನೇ ತರಗತಿಯ ನನ್ನ ಮೊಮ್ಮಗಳು ಕಾವ್ಯಾ ಜಾರುಬಂಡಿಯಿಂದ ಬಿದ್ದು ಮುಂಗೈ ಮುರಿದುಕೊಂಡಳು. ಹಾವೇರಿಯ ಖಾಸಗಿ ದವಾಖಾನೆಯಲ್ಲಿ ಎಕ್ಸ್-ರೇ ತೆಗೆದರು. ಎಲುಬು ಸೀಳಿದ್ದು ನನ್ನ ಕಣ್ಣಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಆ ಫಿಲ್ಮ್ ಹಿಡಿದು ದೊಡ್ಡ ಆಸ್ಪತ್ರೆಗೆ ಹೋದರೆ, ಹೊರಗಿನದು ನಡೆಯುವುದಿಲ್ಲವೆಂದು ಬೆಳಕಿಗೂ ಹಿಡಿಯದೆ ಮತ್ತೊಂದಕ್ಕೆ ಬರೆದುಕೊಟ್ಟರು. ಪ್ಲಾಸ್ಟರ್ ಹಾಕಿದ ಮೇಲೆ ಇನ್ನೊಂದು. ಮುಂದಿನ ವಾರ ತೋರಿಸಲು ಹೋದಾಗ ಡಾಕ್ಟರು ಮಗುವಿನ ಮುಖ ನೋಡುವ ಮೊದಲೇ ಮಗದೊಂದು. ನಮ್ಮ ಮಾರುಕಟ್ಟೆಯಲ್ಲಿ ಚೀಲವನ್ನು ಒಮ್ಮೆ ಬಿಚ್ಚಿದರೆ ಸಾಕು, ಖರೀದಿದಾರರೆಲ್ಲ ಅದರಲ್ಲೇ ಕೈಯಾಡಿಸಿ ನೋಡುತ್ತಾರೆ. ಬೆಳೆಯುವ ಮಗುವಿಗೆ ಮೆಣಸಿನಕಾಯಿ ಚೀಲದಷ್ಟು ಮರ್ಯಾದೆಯೂ ಬೇಡವೇ?

ತಪ್ಪು ನಮ್ಮ ಜನರದೂ ಇದೆ. ಫೋಟೊ ತೆಗೆಸದ ಡಾಕ್ಟರು ಡಾಕ್ಟರೇ ಅಲ್ಲ ಎನ್ನುವವರು ನಾವು. ನಮ್ಮ ಓಣಿಯ ಗುಡ್ಡವ್ವ, ಮೊಮ್ಮಗನ ಮುರಿದ ಕಾಲು ಕೂಡಿ ಅವನು ಓಡಾಡತೊಡಗಿದ ಮೇಲೂ, ಮನಸ್ಸಿನ ಸಮಾಧಾನಕ್ಕೆ ಒಂದು ತೆಗೆಯಿರೆಂದು ಹಟ ಹಿಡಿದಳು. ತೆಗೆದೂ ಕೊಟ್ಟರು. ತಿಳಿಯದವರು ಕೇಳುತ್ತಾರೆ, ತಿಳಿದವರು ಬೇಡ ಎನ್ನಬಾರದೇ?

ಆ ಕೊನೆಯ ಎಕ್ಸ್-ರೇಗೆ ಕಾವ್ಯಾ ಹೆದರಿ ಕೈ ಎಳೆದುಕೊಳ್ಳುತ್ತಿದ್ದಳು. ಎಕ್ಸ್-ರೇ ತೆಗೆಯುವ ಮಾಂತೇಶ, ಮಗುವನ್ನು ಹಿಡಿದುಕೊಳ್ಳಲು ನನ್ನ ಸೊಸೆ ಶ್ರೀದೇವಿಗೆ ಹೇಳಿ ತಾನು ಗೋಡೆಯಾಚೆ ಹೊರಟ. ಬಾಗಿಲಲ್ಲಿದ್ದ ನಾನು ಏಪ್ರನ್ ಕಡೆ ಕೈ ತೋರಿಸಿದೆ.

“ಅದನ್ನ ಮುಟ್ಟಬ್ಯಾಡ್ರಿ ಯಜಮಾನ್ರ, ಪೂಜಿ ಮಾಡೇವಿ. ಸಾಹೇಬ್ರು ಬಂದಾಗ ತೋರ್ಸಾಕ ಬೇಕು,” ಎಂದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅದು ಹೊಲಸಾದರೆ ನೋಟಿಸು ಬರುವುದು ಅವನಿಗೇ.

ಏಪ್ರನ್ ಇಲ್ಲದೆಯೇ ಮಗುವನ್ನು ಹಿಡಿದು ನಿಂತ ಶ್ರೀದೇವಿ ಆಗ ಬಸುರಿ. ಮೂರು ತಿಂಗಳು ತುಂಬುವ ತನಕ ನಮ್ಮಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮಾವನ ಎದುರಿಗಂತೂ ಇಲ್ಲವೇ ಇಲ್ಲ. ಬದಿಗೆ ಕರೆದು ಕೇಳಬೇಕಾದ ಆಸ್ಪತ್ರೆಯವರು ಕೇಳಲಿಲ್ಲ. ಸಂಜೆ ಅವಳು ನನ್ನ ಹೆಂಡತಿ ನೀಲಗಂಗವ್ವನ ಮುಂದೆ ಕುಳಿತು ಅತ್ತಳು. ಕೈಯ ಎಕ್ಸ್-ರೇಯಲ್ಲಿ ಪಕ್ಕದವರಿಗೆ ತಾಗುವುದು ತೀರಾ ಕಡಿಮೆ, ಹೆದರಬೇಡಿ ಎಂದು ಮರುದಿನ ಲೇಡಿ ಡಾಕ್ಟರು ಹೇಳಿದರು. ನಾನು ನಂಬಿದ್ದೇನೆ. ಅಷ್ಟು ಕಡಿಮೆಯಾದರೆ ಮಾಂತೇಶ ಗೋಡೆಯಾಚೆ ಯಾಕೆ ಹೋದ ಎಂದು ಅವಳು ಕೇಳುತ್ತಾಳೆ. ಈಗ ಏಳು ತಿಂಗಳು. ಕುಬಸದ, ಅಂದರೆ ಸೀಮಂತದ, ಮಾತೆತ್ತಿದರೆ ಒಂದೇ ಹಟ.

“ಕೂಸು ಬರೋಬ್ಬರಿ ಐತಿ ಅಂತ ಕಣ್ಣಿಲೆ ನೋಡೂ ತನಕ ನನಗ ಕುಬಸ ಬ್ಯಾಡ್ರಿ ಅತ್ತಿ.”

ಮನೆಗೊಂದು ಮಗು ಬರುತ್ತಿದೆ, ಯಾರೂ ನಗುತ್ತಿಲ್ಲ.

ಆದ್ದರಿಂದ ಕೇಳುತ್ತೇನೆ. ಮೊದಲೇ ತೆಗೆದ ಫಿಲ್ಮ್ ಸ್ಪಷ್ಟವಾಗಿದ್ದರೆ ಅದನ್ನೇ ನೋಡಲು ಆದೇಶಿಸಿ. ಚಿಕಿತ್ಸೆಗೆ ಉಪಯೋಗವಿದ್ದರೆ ಮಾತ್ರ ಹೊಸದು ತೆಗೆಯಲಿ. ಮಗುವನ್ನು ಹಿಡಿಯುವ ಹೆಂಗಸನ್ನು ಇನ್ನೊಬ್ಬ ಹೆಂಗಸು ಬದಿಗೆ ಕರೆದು ಬಸುರಿಯೇ ಎಂದು ಕೇಳಲಿ. ಆ ಮಾಲೆ ತೆಗೆಸಿ, ಏಪ್ರನ್ನನ್ನು ಮೊಳೆಯಿಂದ ಇಳಿಸಿ. ಮುಂದಿನ ಸಲ ಬಂದಾಗ ಅದು ಹೊಸದರಂತೆ ಹೊಳೆಯುತ್ತಿದ್ದರೆ ನೋಟಿಸು ಕೊಡಿ. ಮಕ್ಕಳ ಜೊಲ್ಲು, ಕಣ್ಣೀರಿನ ಕಲೆ ಕಂಡರೆ ಆಗ ಸಂತೋಷಪಡಿ.

ಇಂತಿ,
ಕುಬಸದ ಹಸಿರು ಸೀರೆ ತಂದು ಟ್ರಂಕಿನಲ್ಲೇ ಇಟ್ಟಿರುವ ಮಾವ,
ಫಕ್ಕೀರಪ್ಪ, ಕರ್ಜಗಿ