ಕೋರ್ಟಿನ ಹಿಂದಿನ ಅರ್ಧ

ಬ್ಯಾಂಕಾಕ್
ನವೆಂಬರ್ 19, ಭಾನುವಾರ

ಪ್ರೀತಿಯ ನುಯ್‌ಗೆ ನಿನ್ನ ಪ್ರಾಂಗ್ ಅಕ್ಕನ ನೆನಪುಗಳು.

ಬರೆಯೋಕೆ ಆರು ವಾರ ತಡ ಮಾಡಿದ್ದೇನೆ, ಬೈಕೋ. ದಿನಾ ಫೋನಿನಲ್ಲಿ ಮೆಸೇಜು ಕಳಿಸೋಳು ಈಗ್ಯಾಕೆ ಕಾಗದ ಹಿಡಿದು ಕೂತಿದ್ದಾಳೆ ಅಂತ ನಗ್ತಿರ್ತೀಯ. ಫೋನಿನಲ್ಲಿ ನಾನು ಏನೇ ಬರೆದರೂ ನಿಮಿಷದೊಳಗೆ "ಪರವಾಗಿಲ್ಲ ಅಕ್ಕಾ" ಅಂತ ನಿನ್ನ ಉತ್ತರ ಬಂದಿರುತ್ತೆ, ಜೊತೆಗೆ ಹಲ್ಲು ಕಿರಿಯೋ ಮೊಲದ ಚಿತ್ರ ಬೇರೆ. ಕಾಗದವಾದರೆ ನಿಮ್ಮೂರು ಚುಂಫೋನ್ ತಲುಪೋಕೆ ಎರಡು ಮೂರು ದಿನ ಬೇಕು. ಅಷ್ಟರ ಮಟ್ಟಿಗೆ ನೀನು ಅಡ್ಡ ಬಾಯಿ ಹಾಕೋ ಹಾಗಿಲ್ಲ, ನಾನು ಪೂರ್ತಿ ಮಾತಾಡಬಹುದು.

ಮಂಡಿ ಎಷ್ಟು ಬಾಗುತ್ತೆ ಈಗ? ವಿರೋಜ್ ಮೇಷ್ಟ್ರಿಗೆ ತೊಂಬತ್ತು ಡಿಗ್ರಿ ಅಂದೆಯಂತೆ, ನನಗೆ ನೂರಾಹತ್ತು ಅಂದೆ. ನಿಮ್ಮಮ್ಮನ ಪ್ರಕಾರ ಇನ್ನೂ ಕುರ್ಚಿ ಇಲ್ಲದೆ ಸ್ನಾನಕ್ಕೂ ಕೂರೋಕಾಗಲ್ಲ. ಮೂವರಿಗೆ ಮೂರು ಲೆಕ್ಕ. ನಾನು ನಿಮ್ಮಮ್ಮನನ್ನೇ ನಂಬ್ತೇನೆ, ನೀನೋ ನನ್ನ ಸಮಾಧಾನಕ್ಕೆ ಇನ್ನೂರು ಅಂತ ಬೇಕಾದರೂ ಹೇಳೋಳು.

ಇಲ್ಲಿ ಹಾಸ್ಟೆಲಿನಲ್ಲಿ ಎಲ್ಲ ಇದ್ದ ಹಾಗೇ ಇದೆ. ಬೆಳಿಗ್ಗೆ ಆರಕ್ಕೆ ಓಟ, ಆಮೇಲೆ ಬ್ಯಾಡ್ಮಿಂಟನ್ ಕೋರ್ಟು, ಆಮೇಲೆ ಅಡುಗೆಯವಳ ಅದೇ ಸಪ್ಪೆ ಗಂಜಿ. ಶುಕ್ರವಾರ ನಾನೇ ಹಸಿ ಪಪ್ಪಾಯಿ ಕೋಸಂಬರಿ ಕುಟ್ಟಿದೆ, ನಮ್ಮೂರ ಪದ್ಧತಿಯಲ್ಲಿ, ನೀನು ಮೂಗು ಮುಚ್ಚಿಕೊಳ್ತಿದ್ದೆಯಲ್ಲ, ಅದೇ ಹುಳಿ ಬಂದ ಮೀನಿನ ರಸ ಹಾಕಿ. "ಸತ್ತ ಕಪ್ಪೆ ವಾಸನೆ" ಅಂತ ಕಾಡೋಳು ಎದುರಿಗೆ ಇಲ್ಲದೆ ರುಚಿಸಲಿಲ್ಲ. ನಿನ್ನ ಮಂಚದ ಮೇಲೆ ಈಗ ಜಿಂಗ್ ಮಲಗ್ತಾಳೆ. ಕೊರಾಟಿನವಳು, ಹದಿನೆಂಟು ವರ್ಷ. ಒಳ್ಳೆ ಹುಡುಗಿ, ಅದೇ ನನಗೆ ತಲೆನೋವು.

ಇದನ್ನ ನಾನೇ ಹೇಳಬೇಕಿತ್ತು, ಬೇರೆಯವರಿಂದ ಕೇಳಬಾರದಿತ್ತು ನೀನು. ಹೋದ ಸೋಮವಾರ ಮೇಷ್ಟ್ರು ಕರೆದು ಕೂರಿಸಿಕೊಂಡರು. ನಿನಗೆ ಮತ್ತೆ ಆಡೋಕಾಗಲ್ಲ ಅಂತ ಡಾಕ್ಟರು ಬರೆದುಕೊಟ್ಟ ಕಾಗದ ಅವರ ಮೇಜಿನ ಮೇಲಿತ್ತು. ನಡೀಬಹುದು, ಮಕ್ಕಳಿಗೆ ಕಲಿಸಬಹುದು, ಸ್ಪರ್ಧೆ ಮಾತ್ರ ಇಲ್ಲ. ಕಾಗದವನ್ನ ನನ್ನ ಕಡೆ ತಳ್ಳಿ, ಡಿಸೆಂಬರಿನ ಡಬಲ್ಸಿಗೆ ಹೆಸರು ಕಳಿಸಬೇಕು, ಜಿಂಗ್ ಜೊತೆ ಆಡ್ತೀಯಲ್ಲ ಅಂದರು. ನಾನು ಹೂಂ ಅಂದೆ. ನನಗೆ ಮೂವತ್ತೊಂದಾಯ್ತು, ಈ ಭುಜಕ್ಕೆ ಇನ್ನೊಂದು ವರ್ಷ ಇದ್ದರೆ ಹೆಚ್ಚು, ಆಡೋ ಮನಸ್ಸೂ ಇಲ್ಲ ಅಂತ ಹೇಳೋಕೆ ಬಾಯಿ ತೆರೆದಿದ್ದೆ. ಬಂದದ್ದು ಹೂಂ. ದೊಡ್ಡವರ ಎದುರಿಗೆ ನಮ್ಮ ಬಾಯಿಗೆ ಬೇರೆ ಪದ ಯಾರು ಕಲಿಸಿದ್ದಾರೆ ಹೇಳು.

ಅವತ್ತೇ ನಿನಗೆ ಮೇಷ್ಟ್ರು ತಿಳಿಸಿದರಂತೆ. ನಿನ್ನ ಮೆಸೇಜು ಬಂತು: "ಅಕ್ಕಾ, ನೀವು ಆಡಿ. ನಾನು ಅಮ್ಮನ ಶಾವಿಗೆ ಅಂಗಡಿಯ ಟಿವಿಯಲ್ಲಿ ನೋಡ್ತೇನೆ." ಓದಿ ನನಗೆ ಎಂಥ ಸಿಟ್ಟು ಬಂತು ಗೊತ್ತಾ? ನಾಲ್ಕು ವರ್ಷ ನನ್ನ ಜೋಡಿಯಾಗಿದ್ದೋಳು, ಒಂದು ಸಲ ಮುನಿಸಿಕೊಳ್ಳಬಾರದೇನೆ? "ಇಷ್ಟು ಬೇಗ ಇನ್ನೊಬ್ಬಳು ಸಿಕ್ಕಳಾ" ಅಂತ ಚುಚ್ಚಬಾರದೇನೆ? ನೀನು ಬೈದಿದ್ದರೆ ನನಗೆ ಎಷ್ಟೋ ಹಗುರವಾಗ್ತಿತ್ತು.

ಸುರಬಾಯದ ಆ ಸೆಮಿಫೈನಲ್ಲಿನ ವಿಡಿಯೋ ಮೇಷ್ಟ್ರು ಇನ್ನೂ ಹಾಕಿಕೊಂಡು ನೋಡ್ತಾರೆ. ಗೆದ್ದಿದ್ದರೆ ಒಲಿಂಪಿಕ್ಸಿನ ಪಟ್ಟಿಗೆ ಸೇರ್ತಿದ್ದೆವು, ಅದಕ್ಕೆ ಅವರಿಗೆ ಬಿಡೋಕಾಗ್ತಿಲ್ಲ. ಮೊನ್ನೆ ಮೂರನೇ ಗೇಮಿಗೆ ಬಂದಾಗ ನಿಲ್ಲಿಸಿ ಕೇಳಿದರು: "ಯಾವತ್ತೂ ನೀನು ಹಿಂದೆ ನಿಂತು ಸ್ಮ್ಯಾಶ್ ಹೊಡೆಯೋಳು, ಅವಳು ನೆಟ್ ಹತ್ತಿರ. ಅವತ್ತು ಯಾಕೆ ನುಯ್ ಹಿಂದಿದ್ದಳು?" ಆಟದ ಭರದಲ್ಲಿ ಹಾಗಾಯ್ತು ಅಂದೆ. ಅವರು ತಲೆಯಾಡಿಸಿ ಮುಂದಕ್ಕೆ ಓಡಿಸಿದರು. ನೀನು ಕುಸಿಯೋ ಜಾಗ ಬಂದಾಗ ನಾನು ನೀರು ಕುಡಿಯೋ ನೆಪದಲ್ಲಿ ಎದ್ದು ಹೋದೆ.

ನಿಮ್ಮಮ್ಮ ನಿನ್ನ ಸಾಮಾನು ಒಯ್ಯೋಕೆ ಬಂದಿದ್ದರಲ್ಲ, ಅದನ್ನ ಅವರು ನಿನಗೆ ಹೇಗೆ ಹೇಳಿದರೋ ಗೊತ್ತಿಲ್ಲ. ಬೆಳಗಿನ ರೈಲಿಗೆ ಬಂದರು, ಅಂಗಡಿ ಒಂದು ದಿನ ಮುಚ್ಚಿ. ಒಂದು ಗೊನೆ ಬಾಳೆಹಣ್ಣು, ಡಬ್ಬಿ ತುಂಬ ಅವರ ಕೈಯಾರೆ ಒತ್ತಿದ ಅಕ್ಕಿ ಶಾವಿಗೆ, ಬೇರೆ ಡಬ್ಬಿಯಲ್ಲಿ ಕಣ್ಣಲ್ಲಿ ನೀರು ಬರೋ ನಿಮ್ಮೂರ ಮೀನಿನ ಸಾರು. ನೀನು ಹದಿಮೂರು ವರ್ಷದವಳು ಮೊದಲು ಬಂದಾಗಲೂ ಹೀಗೇ ತಂದಿದ್ದರು. ಶಾವಿಗೆ ಒತ್ತಿ ಒತ್ತಿ ಈ ಹುಡುಗಿಯ ಮಣಿಕಟ್ಟು ಗಟ್ಟಿಯಾಗಿದೆ ಅಂತ ಮೇಷ್ಟ್ರು ನಕ್ಕಿದ್ದರು, ಇವಳನ್ನ ನೋಡಿಕೋ ಅಂತ ನಿನ್ನ ಕೈಯನ್ನ ನನ್ನ ಕೈಯಲ್ಲಿಟ್ಟಿದ್ದರು.

ನಿನ್ನ ಬಟ್ಟೆ ಮಡಿಸೋಕೆ ನಾನೂ ಕೂತೆ. ಅಮ್ಮ ಪಕ್ಕದಲ್ಲೇ ನಿನ್ನ ಬೂಟು ಚೀಲಕ್ಕೆ ತುಂಬ್ತಿದ್ದರು. ಕೋರ್ಟಿನ ನೆಲದ ಮೇಲೆ ಬೆವರಿತ್ತಂತೆ, ಕಾಲು ಜಾರಿತಂತೆ, ಯಾರೇನು ಮಾಡೋಕಾಗುತ್ತೆ ಅಂದರು. ನಾನು ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸ್ತಿದ್ದೆ. ಹೊರಡೋವಾಗ ಬಾಗಿಲಲ್ಲಿ ನಿಂತು, ಅಷ್ಟು ದೊಡ್ಡವರು, ನನಗೆ ಕೈಮುಗಿದರು ನುಯ್. "ನೀನು ಜೊತೇಲಿದ್ದೀಯ ಅನ್ನೋ ಧೈರ್ಯದ ಮೇಲೇ ನಾನು ಅವಳನ್ನ ಪರದೇಶಕ್ಕೆ ಕಳಿಸ್ತಿದ್ದೆ ಮಗಳೇ. ಆ ಊರಿಂದ ನೀನೇ ಅವಳನ್ನ ಎತ್ಕೊಂಡು ಬಂದೆ. ನಿನ್ನ ಋಣ ತೀರಿಸೋಕಾಗಲ್ಲ." ಅವರ ಕೈ ಹಿಡಿದು ಕೆಳಗಿಳಿಸಬೇಕಿತ್ತು. ಆಗಲಿಲ್ಲ. ನಾನೂ ಕೈಮುಗಿದೆ, ರೈಲಿಗೆ ಹೊತ್ತಾಯ್ತು ಅಂತ ಟ್ಯಾಕ್ಸಿ ಹತ್ತಿಸಿದೆ. ಶಾವಿಗೆಯನ್ನ ಹುಡುಗಿಯರು ತಿಂದರು. ನಾನು ಡಬ್ಬಿ ತೊಳೆದಿಟ್ಟೆ.

ನಿನ್ನೆಯ ಮಾತು ಕೇಳು. ಅಭ್ಯಾಸದಲ್ಲಿ ಜಿಂಗ್ ಹಿಂದಕ್ಕೆ ಹಾರಿ ಇಳಿದಾಗ ಪಾದ ಮಡಚಿಕೊಂಡಿತು. ಆ ಶಬ್ದ ನನಗೆ ಕೇಳಿಸಿತು. ಓಡಿಹೋಗಿ ನೋವಾಯ್ತಾ ಅಂದೆ. "ಇಲ್ಲ ಅಕ್ಕಾ" ಅಂದಳು, ನಕ್ಕಳು. ಎದ್ದು ನಿಂತಳು, ಆ ಕಾಲಿನ ಮೇಲೆ ಭಾರ ಹಾಕದೆ. ಸುಳ್ಳು ಹೇಳಬೇಡ ಅಂತ ಕಿರುಚಿದೆ, ಎಲ್ಲ ಕೋರ್ಟಿನವರೂ ಆಟ ನಿಲ್ಲಿಸಿ ನೋಡಿದರು. ಆ ಕೂಸು ಹೆದರಿ ನನಗೇ ಕ್ಷಮೆ ಕೇಳ್ತು. ರಾಕೆಟ್ ಬೆಂಚಿನ ಮೇಲೆ ಎಸೆದು ರೂಮಿಗೆ ಬಂದು ಬಿದ್ದುಕೊಂಡೆ. ಸಾಯಂಕಾಲ ಅವಳೇ ಬಂದು ಬಾಗಿಲು ತಟ್ಟಿದಳು, ಕಾಲು ಸರಿಯಾಗಿದೆ, ನಾಳೆ ಆಡೋಣ ಅಂತ. ಇವಳನ್ನ ನಾನು ಏನಂತ ಕೇಳಿದರೆ ನಿಜ ಹೇಳ್ತಾಳೆ? ನಿನಗೆ ಗೊತ್ತಿದ್ದರೆ ಬರೆ. ನನಗೆ ಗೊತ್ತಿಲ್ಲ, ಡಿಸೆಂಬರು ಬರ್ತಾ ಇದೆ, ಹೆಸರು ಹೋಗಿಯಾಗಿದೆ.

ನಿನಗೆ ಒಳ್ಳೆಯದಾಗಲಿ ತಂಗಿ. ಕಾಲು ಗಟ್ಟಿಯಾಗಲಿ. ಊರ ಶಾಲೆಯಲ್ಲಿ ಮಕ್ಕಳಿಗೆ ಕಲಿಸೋಕೆ ಕರೆದಿದ್ದಾರೆ ಅಂದೆಯಲ್ಲ, ಹೋಗು, ಆ ಮಕ್ಕಳು ಪುಣ್ಯವಂತರು. ಅಮ್ಮನನ್ನ ಬೆಳಿಗ್ಗೆ ಬೇಗ ಏಳಿಸಬೇಡ, ಹಿಟ್ಟು ನೀನೇ ಕಲಸು, ಕೈಗೇನೂ ಆಗಿಲ್ಲವಲ್ಲ. ಬುದ್ಧ ಭಗವಂತ ನಿನ್ನನ್ನ ಕಾಪಾಡಲಿ. ನನ್ನಿಂದ ಆಗದ್ದನ್ನ ಅವನಾದರೂ ಮಾಡಲಿ.

ನಿನ್ನ
ಪ್ರಾಂಗ್ ಅಕ್ಕ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು:

ಬೆವರಿನ ಮೇಲೆ ಕಾಲು ಜಾರಿತು ಅಂತ ಪತ್ರಿಕೆಯವರಿಗೆ ಹೇಳಿದವಳು ನಾನು. ನೆಲ ಒಣಗಿತ್ತು. ಅವತ್ತು ಬೆಳಿಗ್ಗೆ ಹೋಟೆಲಿನ ಮೆಟ್ಟಿಲಲ್ಲಿ ನೀನು ಕಂಬಿ ಹಿಡಿದು, ಅಡ್ಡಡ್ಡ, ಒಂದೊಂದೇ ಹೆಜ್ಜೆ ಇಳೀತಿದ್ದೆ. ನಾನು ಮೇಲಿನಿಂದ ನೋಡಿದೆ. ನಿನ್ನ ಕಣ್ಣಿಗೆ ಬೀಳದ ಹಾಗೆ ತಿರುಗಿ ಲಿಫ್ಟಿಗೆ ಹೋದೆ. ಗೊತ್ತಿದ್ದೂ ಮೂರನೇ ಗೇಮಿನಲ್ಲಿ ನಿನ್ನನ್ನ ಹಿಂದೆ ನಿಲ್ಲಿಸಿದೆ, ಯಾಕೆಂದರೆ ನನ್ನ ಭುಜ ನೋಯ್ತಿತ್ತು, ಅದನ್ನ ಫೈನಲ್ಲಿಗೆ ಉಳಿಸಿಕೊಳ್ಳಬೇಕಿತ್ತು. ಹನ್ನೊಂದು–ಒಂಬತ್ತಕ್ಕೆ ಬಿಡುವಿಗೆ ಆಟ ನಿಂತಾಗ ಮೇಷ್ಟ್ರು ನೀರು ಕೊಟ್ಟು, "ನುಯ್, ಕಾಲು ಹೇಗಿದೆ?" ಅಂತ ಕೇಳಿದರು. ಉತ್ತರ ಕೊಡೋ ಮೊದಲು ನೀನು ನನ್ನ ಮುಖ ನೋಡಿದೆ.

"ಅವಳಿಗೇನು, ಚೆನ್ನಾಗಿದ್ದಾಳೆ" ಅಂದೆ ನಾನು.

"ಹೂಂ, ಚೆನ್ನಾಗಿದ್ದೇನೆ" ಅಂದೆ ನೀನು.