ದಿಂಬಿಗೆ ಸೀಮಂತ, ಬಸುರಿಗೆ ಮನೆ

ವಾಹಿನಿಯ ಕಥಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ಬಸುರಾದಳೆಂಬ ಅಪರಾಧಕ್ಕೆ ನನ್ನ ಸೊಸೆ ಅಕ್ಷಯಾಳನ್ನು ನಿಮ್ಮ ಮರಾಠಿ ಧಾರಾವಾಹಿಯಿಂದ ತೆಗೆದುಹಾಕಿದ್ದೀರಿ. ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮದುವೆಯಾದಾಗಿನಿಂದ ಡೊಂಬಿವಲಿಯಲ್ಲಿದ್ದರೂ ನನಗೆ ಮರಾಠಿಯಲ್ಲಿ ತರಕಾರಿ ಕೊಳ್ಳಲು ಬರುತ್ತದೆಯೇ ಹೊರತು ಸರಿಯಾಗಿ ಸಿಟ್ಟು ಮಾಡಲು ಬರುವುದಿಲ್ಲ. ಓದಿ ಹೇಳಲು ನಿಮ್ಮ ಕಚೇರಿಯಲ್ಲಿ ಯಾರಾದರೂ ಸಿಕ್ಕಿಯಾರು.

ನಿಮ್ಮ ಕಥೆಯನ್ನು ನಿಮಗೇ ನೆನಪಿಸಲೇ? ಅದರ ಅತ್ತೆ ಎರಡು ವರ್ಷದಿಂದ ಮೊಮ್ಮಗು ಬೇಕೆಂದು ಹರಕೆ ಹೊರುತ್ತಿದ್ದಾಳೆ. ದೇವರು ಪಾಪ, ಕೊಟ್ಟೇಬಿಟ್ಟ. ಅದೂ ಸೊಸೆಯಾಗಿ ನಟಿಸುತ್ತಿದ್ದವಳಿಗೇ. ಯಾವ ಕಥೆಗಾರನಿಗೆ ಇಂಥ ಅದೃಷ್ಟ ಸಿಗುತ್ತದೆ? ನೀವೋ ಗಾಬರಿಯಾದಿರಿ. ಮೊದಲು ಅವಳ ಹೊಟ್ಟೆಯ ಮುಂದೆ ಅಕ್ಕಿಯ ಮೊರ ಬಂತು, ಬಳಿಕ ಒಗೆದ ಬಟ್ಟೆಯ ರಾಶಿ, ಆಮೇಲೆ ತುಳಸಿಯ ಕುಂಡ. ಶೂಟಿಂಗ್ ನಡೆಯುವ ಠಾಣೆ ಊರಿನ ಮೇ ತಿಂಗಳ ಸೆಕೆಯಲ್ಲಿ ಶಾಲು ಹೊದಿಸಿದಿರಿ. ಕೊನೆಗೆ ಕಥೆಯ ಅಡುಗೆಮನೆಗೆ ಬೆಂಕಿ ಬಿದ್ದು, ಪ್ಲಾಸ್ಟಿಕ್ ಸರ್ಜರಿಯಾಗಿ, ಸೊಸೆ ಬೇರೊಬ್ಬ ನಟಿಯ ಮುಖ ಹೊತ್ತು ಮರಳಿದಳು. ಎತ್ತರವೂ ನಾಲ್ಕು ಬೆರಳು ಹೆಚ್ಚಾಗಿತ್ತು, ವೈದ್ಯರು ನುರಿತವರಿರಬೇಕು.

ಇಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಹೊಸಬಳು ಬಂದು ವಾರ ಕಳೆಯುವಷ್ಟರಲ್ಲಿ ಅವಳ ಹೊಟ್ಟೆಗೆ ದಿಂಬು ಕಟ್ಟಿ ಬಸುರಿ ಮಾಡಿದಿರಿ! ನಿಜವಾದ ಬಸುರು ಪರದೆಗೆ ಆಗದು, ಹತ್ತಿಯ ಬಸುರು ಆದೀತು ಎಂಬ ನಿಯಮ ಯಾರದು? ಫೋನ್ ಮಾಡಿ ಕೇಳಿದರೆ ನಿಮ್ಮ ಪ್ರೊಡಕ್ಷನ್ ಮ್ಯಾನೇಜರ್, "ಕಾಕೂ, ಸ್ಟೋರಿಚೀ ಡಿಮಾಂಡ್ ಆಹೆ" ಎಂದ, ಕಥೆಯೇ ಹಾಗೆ ಕೇಳುತ್ತದೆಂದು ಅದರ ತಲೆಗೇ ಕಟ್ಟಿದ. ಅಕ್ಷಯಾ ನಕ್ಕಳು. "ಮಮ್ಮಿ, ಮೇರಾ ಪೇಟ್ ಅಸಲಿ ಹೈ ನಾ, ಉಸ್‌ಕೋ ಆ್ಯಕ್ಟಿಂಗ್ ನಹೀ ಆತೀ" ಎಂದಳು; ತನ್ನ ಹೊಟ್ಟೆ ಅಸಲಿಯಂತೆ, ಅದಕ್ಕೆ ನಟಿಸಲು ಬಾರದಂತೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ವರ್ಷಗಟ್ಟಲೆ ಲೋಕಲ್ ರೈಲಿನಲ್ಲಿ ನೇತಾಡಿ, ಆಡಿಷನ್‌ಗಳಿಗೆ ಅಲೆದು ಸಂಪಾದಿಸಿದ ಪಾತ್ರ ಅದು.

ದಿಂಬಿನ ಸೀಮಂತದ ಊಟಕ್ಕೆ ಆರ್ಡರ್ ಬಂದದ್ದು ಠಾಣೆಯ ನೌಪಾಡಾದಲ್ಲಿರುವ ನಮ್ಮ ಹೋಟೆಲಿಗೇ. ಅದು ಅಕ್ಷಯಾಳ ಮಾವನದೆಂದು ನಿಮ್ಮವರಿಗೆ ಗೊತ್ತಿರಲಿಲ್ಲ. ನಮ್ಮ ಯಜಮಾನರು ಜಗನ್ನಾಥರು ಗಿರಾಕಿಗೆ ಇಲ್ಲ ಎಂದವರಲ್ಲ. ಆದರೆ ನಮ್ಮಲ್ಲಿ ಸೀಮಂತದ ಅಡುಗೆಯನ್ನು ಮೊದಲು ಬಡಿಸುವುದು ಬಸುರಿಗೆ. ಸಂಜೆ ಅವರು ಮನೆಗೆ ಬಂದಾಗ ಕೈಯಲ್ಲೊಂದು ಪಾಯಸದ ಡಬ್ಬಿಯಿತ್ತು. "ಸುರುವಿನ ಸೌಟು ನಮ್ಮ ಬಸುರಿಗೆ ತೆಗೆದಿಟ್ಟೇ ಕಳಿಸಿದ್ದು ಮಾರಾಯ್ತಿ. ಮತ್ತೆ ಉಳಿದದ್ದು ಆ ದಿಂಬಿಗೆ" ಅಂದರು. ನಿಮ್ಮ ಪರದೆಯ ಮೇಲೆ ಅಷ್ಟು ವೈಭವದಿಂದ ಬಡಿಸಿದ್ದು ಎರಡನೆಯ ಸೌಟು, ಗೊತ್ತಿರಲಿ.

ನಿನ್ನೆ ಅದೇ ಮ್ಯಾನೇಜರ್ ಮತ್ತೆ ಫೋನ್ ಮಾಡಿದ. ಕಥೆಯಲ್ಲಿ ಹೆರಿಗೆ ಹತ್ತಿರ ಬಂದಿದೆಯಂತೆ, ದಿಂಬು ಹೆರುವುದಿಲ್ಲವಲ್ಲ! "ಕಾಕೂ, ಅಕ್ಷಯಾಚಂ ಬಾಳ್ ಶೂಟಿಂಗ್‌ಲಾ ಮಿಳೇಲ್ ಕಾ?" ಎಂದು ಅಕ್ಷಯಾಳ ಮಗುವನ್ನು ಶೂಟಿಂಗಿಗೆ ಕೇಳಿದ. ತಾಯಿ ಬೇಡವಾದವರಿಗೆ ಅವಳ ಮಗು ಬೇಕು. ಕೇಳುವಾಗ ಅವನ ನಾಲಿಗೆ ತೊದಲಲೂ ಇಲ್ಲ.

ಸಿಗುತ್ತದೆ ಸ್ವಾಮೀ, ಯಾಕೆ ಸಿಗುವುದಿಲ್ಲ? ನನ್ನ ಬೇಡಿಕೆ ಒಂದೇ. ಹೆರಿಗೆಯಾಗಿ ಬಾಣಂತನ ಮುಗಿದ ಮೇಲೆ ಮಗು ತಾಯಿಯ ಮಡಿಲಲ್ಲೇ ನಿಮ್ಮ ಸೆಟ್ಟಿಗೆ ಬರುತ್ತದೆ; ತಾಯಿ ತನ್ನದೇ ಪಾತ್ರಕ್ಕೆ ಬರುತ್ತಾಳೆ. ಮುಖ ಬದಲಾಗಲು ಕಾರಣ ಬೇಕಿದ್ದರೆ ಆ ಅಡುಗೆಮನೆಗೆ ಇನ್ನೊಮ್ಮೆ ಬೆಂಕಿ ಹಾಕಿ, ಹೇಗೂ ಥರ್ಮೊಕೋಲಿನದು. ಒಪ್ಪಿಗೆಯಿಲ್ಲವೆಂದರೆ ತೊಟ್ಟಿಲಿಗೂ ಒಂದು ಸಣ್ಣ ದಿಂಬು ಹುಡುಕಿಕೊಳ್ಳಿ.

ಇಂತಿ,
ಇಷ್ಟೆಲ್ಲ ಬರೆದೂ ಇವತ್ತಿನ ಕಂತು ತಪ್ಪಿಸಲಾರದ
ಸತ್ಯಭಾಮಾ, ಅಸಲಿ ಅತ್ತೆ
ಡೊಂಬಿವಲಿ